ಒಳಲೆಯಲ್ಲಿ ಒಂಬತ್ತು ಮಿಲಿಲೀಟರ್: ಕಡಿಮೆ ತೂಕದ ಕೂಸಿಗೆ ಯಾವ ಹಾಲು, ಎಷ್ಟು, ಹೇಗೆ

“ಸಿಸ್ಟರ್, ಯಾವ ಡಬ್ಬಿ ತರಬೇಕು?”

ಕೊಡಗಿನಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ದಾದಿಯಾಗಿದ್ದಷ್ಟು ವರ್ಷವೂ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವವರು ಮಾತ್ರ ಬೇರೆ ಬೇರೆ. ಕುಟ್ಟದಿಂದ ಮಳೆಯಲ್ಲಿ ಎರಡು ಗಂಟೆಗೂ ಮೀರಿ ಜೀಪಿನಲ್ಲಿ ಕೂತು ಬಂದ ಅಜ್ಜಿ, ಸುಂಟಿಕೊಪ್ಪದ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೆಲಸಗಾರರ ಸಾಲುಮನೆಯಿಂದ, ಬಂದ ಎಳೆ ವಯಸ್ಸಿನ ಅಪ್ಪ, ಬೆಂಗಳೂರಿನಿಂದ ಹೆರಿಗೆಗೆಂದು ಮಡಿಕೇರಿಯ ತವರಿಗೆ ಬಂದವಳ ತಾಯಿ. ಒಳಗೆ ಕೂಸು ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿದೆ, ತೂಕ ಒಂದು ಕಿಲೋ ಎಂಟುನೂರು. ಹೊರಗಿದ್ದವರಿಗೆ ಕೈಕಟ್ಟಿ ಕೂರಲು ಮನಸ್ಸು ಬರುವುದಿಲ್ಲ. ಮೆಡಿಕಲ್ ಶಾಪಿಗೆ ಓಡಿ ಹಾಲಿನ ಪುಡಿಯ ಒಂದು ಡಬ್ಬಿ ತಂದರೆ ಕೂಸಿಗೆ ಏನೋ ಮಾಡಿದಂತಾಯಿತು ಎಂದು ಜೀವಕ್ಕೆ ಸಮಾಧಾನ. ಆ ಆತುರದ ಹಿಂದಿರುವುದು ಪ್ರೀತಿ, ಅದನ್ನು ನಾನು ಯಾವತ್ತೂ ಗದರಿಲ್ಲ.

ಆದರೆ ಡಬ್ಬಿಯ ಹೆಸರು ಕೊನೆಗೆ ಕೇಳಬೇಕಾದ ಪ್ರಶ್ನೆ. ಕೂಸು ಎಷ್ಟು ವಾರಕ್ಕೆ ಹುಟ್ಟಿತು? ತೂಕ ಎಷ್ಟು? ಚೀಪಲು, ನುಂಗಲು ಬರುತ್ತದೆಯೇ? ತಾಯಿ ಹಾಲು ಹಿಂಡಲು ಶುರು ಮಾಡಿದ್ದಾಳೆಯೇ? ಇಷ್ಟು ತಿಳಿಯದೆ ಡಬ್ಬಿ ತರುವುದು, ಜ್ವರ ಯಾವುದೆಂದು ತಿಳಿಯದೆ ಮಾತ್ರೆ ತಂದಂತೆ. ಇಂಥ ಕೂಸಿಗೆ ಹಾಲು ಎಂದರೆ ಔಷಧದ ಲೆಕ್ಕವೇ. ಯಾವುದು, ಎಷ್ಟು, ಯಾವ ದಾರಿಯಲ್ಲಿ, ಮೂರೂ ಸರಿಯಿರಬೇಕು.

ಎರಡು ಬಗೆಯ ಸಣ್ಣ ಕೂಸು

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಜನನ ತೂಕ ಎನ್ನುತ್ತಾರೆ. 1,500 ಗ್ರಾಂಗಿಂತ ಕೆಳಗಿದ್ದರೆ ಅತಿ ಕಡಿಮೆ ತೂಕ, 1,000 ಗ್ರಾಂಗಿಂತ ಕೆಳಗಿದ್ದರೆ ಅತ್ಯಂತ ಕಡಿಮೆ ತೂಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೂಕ ದಾಖಲಾದ ಮಕ್ಕಳ ಪೈಕಿ ಸುಮಾರು ಶೇ 18ರಷ್ಟು 2,500 ಗ್ರಾಂ ಮುಟ್ಟಿರಲಿಲ್ಲ. ನಮ್ಮ ಮನೆಗೆ ಮಾತ್ರ ಹೀಗಾಯಿತೇ ಎಂದು ಕೊರಗುವ ತಾಯಂದಿರಿಗೆ ಈ ಅಂಕಿಯನ್ನು ಮೊದಲು ಹೇಳಬೇಕೆನಿಸುತ್ತದೆ.

ತೂಕ ಒಂದೇ ಇದ್ದರೂ ಕೂಸುಗಳು ಒಂದೇ ಬಗೆಯವಲ್ಲ. ತೋಟದವರಿಗೆ ನಾನು ಹೀಗೆ ಹೇಳುತ್ತಿದ್ದೆ: ಬಲಿಯುವ ಮೊದಲೇ ಉದುರಿದ ಕಾಫಿ ಕಾಯಿಯೂ ಸಣ್ಣದು, ದಿನ ತುಂಬಿ ಹಣ್ಣಾದರೂ ನೀರು ಗೊಬ್ಬರ ಸಾಲದೆ ಗಾತ್ರ ಬಾರದ್ದೂ ಸಣ್ಣದು. ತಕ್ಕಡಿಗೆ ಎರಡೂ ಒಂದೇ, ಒಳಗಿನ ಕಥೆ ಬೇರೆ. 37 ವಾರ ತುಂಬುವ ಮೊದಲು ಹುಟ್ಟಿದ್ದು ಅವಧಿಪೂರ್ವ ಕೂಸು. ಇದರ ಕರುಳು, ಶ್ವಾಸಕೋಶ, ಚೀಪುವ ಶಕ್ತಿ ಯಾವುದೂ ಪೂರ್ತಿ ಮಾಗಿರುವುದಿಲ್ಲ. ದಿನ ತುಂಬಿಯೂ ತೂಕ ಬಾರದ್ದು ಗರ್ಭದಲ್ಲಿ ಪೋಷಣೆ ಸಾಲದೆ ಬಡವಾದ ಕೂಸು. ತಾಯಿಯ ರಕ್ತಹೀನತೆ, ಏರಿದ ರಕ್ತದೊತ್ತಡ, ಸರಿಯಾಗಿ ಕೆಲಸ ಮಾಡದ ಮಾಸು, ಹೀಗೆ ಕಾರಣ ಹಲವು. ಇಂಥ ಕೂಸು ಬಹಳ ಸಲ ಚೆನ್ನಾಗಿಯೇ ಚೀಪುತ್ತದೆ. ಎದೆಗೆ ಹಚ್ಚಿ, ಬೆಚ್ಚಗಿಟ್ಟು, ರಕ್ತದ ಸಕ್ಕರೆ ಅಂಶ ಇಳಿಯದಂತೆ ನೋಡಿಕೊಂಡರೆ ತಾಯಿಯ ಹಾಲಿನಲ್ಲೇ ಮೇಲೆ ಬರುತ್ತದೆ.

ಬೇಗ ಹುಟ್ಟಿದ ಕೂಸಿಗೆ ಯಾಕಷ್ಟು ಲೆಕ್ಕಾಚಾರ ಎಂದರೆ, ಬಸಿರಿನ ಕೊನೆಯ ಮೂರು ತಿಂಗಳು ಗಂಟು ಕಟ್ಟುವ ಕಾಲ. ಎಲುಬಿಗೆ ಬೇಕಾದ ಸುಣ್ಣ (ಕ್ಯಾಲ್ಸಿಯಂ) ಮತ್ತು ರಂಜಕದ (ಫಾಸ್ಫರಸ್) ಬಹುಪಾಲು, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣ, ಚರ್ಮದಡಿಯ ಕೊಬ್ಬು, ಎಲ್ಲವೂ ತಾಯಿಯಿಂದ ಕೂಸಿಗೆ ಇಳಿಯುವುದು ಆಗಲೇ. 30 ವಾರಕ್ಕೆ ಹೊರಬಂದ ಕೂಸು ಆ ಗಂಟು ಇಲ್ಲದೆ ಬಂದಿದೆ. ಬೆಳೆಯಬೇಕಾದ ವೇಗ ಮಾತ್ರ ಗರ್ಭದಲ್ಲಿದ್ದಷ್ಟೇ. ಖಜಾನೆ ಖಾಲಿ, ಖರ್ಚು ದೊಡ್ಡದು, ತುಂಬಿಸಬೇಕಾದ ಕರುಳು ಎಳಸು. ಇಲ್ಲಿನ ಕಷ್ಟವೆಲ್ಲ ಈ ಮೂರರ ಎಳೆದಾಟ.

ಮೊದಲ ಹನಿಗಳು

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅವಧಿಪೂರ್ವ ಹಾಗೂ ಕಡಿಮೆ ತೂಕದ ಮಕ್ಕಳಿಗಾಗಿ ಹೊಸ ಶಿಫಾರಸು ಹೊರಡಿಸಿತು. ಹಾಲಿನ ಸರದಿ ಅದರಲ್ಲಿ ಸ್ಪಷ್ಟವಾಗಿದೆ. ಮೊದಲು ಸ್ವಂತ ತಾಯಿಯ ಹಾಲು. ಅದು ಸಿಗದಿದ್ದಾಗ, ಮುಖ್ಯವಾಗಿ 32 ವಾರಕ್ಕೆ ಮೊದಲು ಹುಟ್ಟಿದ ಅಥವಾ 1,500 ಗ್ರಾಂಗಿಂತ ಕಡಿಮೆ ಇರುವ ಕೂಸಿಗೆ, ದಾನವಾಗಿ ಬಂದು ಶುದ್ಧೀಕರಿಸಿದ ತಾಯಿಹಾಲು. ಅದೂ ಇಲ್ಲದಾಗ ಡಬ್ಬಿಯ ಹಾಲು.

ತಾಯಿಯ ಹಾಲಿಗೆ ಮೊದಲ ಸ್ಥಾನ ಬಂದದ್ದು ಭಾವುಕತೆಯಿಂದ ಎಂದು ತಿಳಿದವರಿದ್ದಾರೆ. ವಾರ್ಡಿನಲ್ಲಿ ನಾವು ಹೆದರುವ ಒಂದು ಕಾಯಿಲೆಯ ಕಥೆ ಕೇಳಿದರೆ ಆ ಅಭಿಪ್ರಾಯ ಉಳಿಯುವುದಿಲ್ಲ. ಅದರ ಹೆಸರು ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್, ಎಳೆಯ ಕರುಳಿನ ಗೋಡೆ ಉರಿದು ಕೊಳೆಯುವ ಕಾಯಿಲೆ. ನಿನ್ನೆ ಚೆನ್ನಾಗಿ ಹಾಲು ಕುಡಿದ ಕೂಸಿನ ಹೊಟ್ಟೆ ಇವತ್ತು ಉಬ್ಬುತ್ತದೆ, ಹಸಿರು ವಾಂತಿಯಾಗುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ. ಕೆಲವು ಕೂಸುಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಕೆಲವು ಉಳಿಯುವುದಿಲ್ಲ. ಅವಧಿಪೂರ್ವ ಮಕ್ಕಳಲ್ಲಿ ಡಬ್ಬಿ ಹಾಲನ್ನೂ ದಾನಿ ತಾಯಿಯ ಹಾಲನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಸಂಗತಿ ಕಂಡಿವೆ. ಡಬ್ಬಿ ಹಾಲು ಕುಡಿದವು ಬೇಗ ತೂಕ ಏರಿಸಿಕೊಂಡವು. ಅವುಗಳಲ್ಲೇ ಈ ಕಾಯಿಲೆಯ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಎರಡೂ ಸತ್ಯವೇ. ತೂಕದ ಮಾತು ಮಾತ್ರ ಕೇಳಿಸಿಕೊಂಡವರು ಡಬ್ಬಿ ಒಳ್ಳೆಯದು ಎನ್ನುತ್ತಾರೆ. ಕರುಳಿನ ಮಾತನ್ನೂ ಕೇಳಿಸಿಕೊಂಡ ಮೇಲೆ ನಾನು ಹಾಗೆ ಹೇಳಲಾರೆ.

ತಾಯಿಯ ಹಾಲಿನಲ್ಲಿ ಸೋಂಕು ತಡೆಯುವ ಪ್ರತಿಕಾಯಗಳಿವೆ, ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನ್ ಇದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗಷ್ಟೇ ಆಹಾರವಾಗುವ ವಿಶೇಷ ಸಕ್ಕರೆಗಳಿವೆ. ಇನ್ನೊಂದು ಸಂಗತಿ ನನಗೆ ಇಂದಿಗೂ ಬೆರಗು: ದಿನ ತುಂಬುವ ಮೊದಲೇ ಹೆತ್ತ ತಾಯಿಯ ಹಾಲಿನಲ್ಲಿ, ಮೊದಲ ಕೆಲವು ವಾರ, ದಿನ ತುಂಬಿ ಹೆತ್ತವಳ ಹಾಲಿಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ.

“ಹಾಲೇ ಬರ್ತಿಲ್ಲ ಸಿಸ್ಟರ್” ಎಂಬ ಮಾತು ಹುಟ್ಟುವುದು ಮೊದಲ ಮೂರು ದಿನದಲ್ಲಿ. ಆಗ ಬರುವುದು ಹಳದಿಯ, ಅಂಟಾದ ಹನಿಗಳು. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುವ ಹಿರಿಯರು ಇನ್ನೂ ಇದ್ದಾರೆ. ಈಗ ಲೆಕ್ಕ ನೋಡಿ. 1.8 ಕಿಲೋ ಕೂಸಿಗೆ ಮೊದಲ ದಿನ ಕಿಲೋಗೆ ಸುಮಾರು 60 ಮಿ.ಲೀ. ಎಂದಿಟ್ಟುಕೊಂಡರೆ ಇಡೀ ದಿನಕ್ಕೆ ಬೇಕಾದದ್ದು 108 ಮಿ.ಲೀ. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ 9 ಮಿ.ಲೀ. ಎರಡು ಟೀ ಚಮಚಕ್ಕೂ ಕಡಿಮೆ. ಇನ್ನೂ ಚಿಕ್ಕ ಕೂಸಾದರೆ ಶುರುವಾಗುವುದೇ ಒಂದೆರಡು ಮಿಲಿಲೀಟರಿನಿಂದ. ಎದೆಯಲ್ಲಿ ಬರುವ ಹನಿಗೂ ಕೂಸಿನ ಹೊಟ್ಟೆಗೂ ಹೊಂದಿಕೆ ಇದೆ. ಕಣ್ಣಿಗೆ ಕಡಿಮೆ ಕಾಣುವುದು ನಮ್ಮ ಮನಸ್ಸಿನಲ್ಲಿ ಬಾಟಲಿಯ ಅಳತೆ ಕೂತಿರುವುದರಿಂದ.

ಕೂಸು ಒಳಗೆ, ತಾಯಿ ಸಿಸೇರಿಯನ್ ಆಗಿ ಬೇರೆ ವಾರ್ಡಿನಲ್ಲಿ ಇದ್ದರೂ ಹಾಲು ಹಿಂಡುವುದು ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ, ಸಾಧ್ಯವಾದರೆ ಒಂದು ಗಂಟೆಯೊಳಗೇ, ಶುರುವಾಗಬೇಕು. ಆಮೇಲೆ ಎರಡು ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲಕ್ಕೆ ಕಡಿಮೆ ಇಲ್ಲದಂತೆ, ರಾತ್ರಿಯೂ ಬಿಡದೆ. ರಾತ್ರಿ ಯಾಕೆಂದರೆ ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಆ ಹೊತ್ತಿನಲ್ಲಿ ಹೆಚ್ಚು. ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಕೈಯಿಂದಲೇ ಹಿಂಡಬಹುದು. ಎದೆ ಖಾಲಿಯಾದಷ್ಟೂ ತುಂಬುತ್ತದೆ. ಮೂರು ದಿನ ಹಿಂಡದೆ ಬಿಟ್ಟು ನಾಲ್ಕನೆಯ ದಿನ ಹಾಲಿಲ್ಲ ಎಂದರೆ ತಪ್ಪು ಆ ತಾಯಿಯದಲ್ಲ, ಅವಳಿಗೆ ಹೇಳಿಕೊಡದ ನಮ್ಮದು. ಬಾಣಂತಿಗೆ ನೀರು ಕುಡಿಸಬಾರದು, ಸೊಪ್ಪು ಬೇಳೆ ಕೊಡಬಾರದು ಎಂಬ ಪಥ್ಯವನ್ನೂ ಈ ಹೊತ್ತಿನಲ್ಲಿ ಪಕ್ಕಕ್ಕಿಡಬೇಕು. ಹಾಲು ಹಿಂಡುವವಳಿಗೆ ಹೊಟ್ಟೆ ತುಂಬ ಊಟ, ಬಾಯಾರಿದಾಗೆಲ್ಲ ನೀರು ಬೇಕೇ ಬೇಕು.

ದಾನಿಹಾಲಿನ ಬಗ್ಗೆ ಇಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ವಾಣಿವಿಲಾಸ, ಮಂಗಳೂರಿನ ಲೇಡಿಗೋಶನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ವ್ಯವಸ್ಥೆ ಬಂದಿದೆ. ದಾನಿ ತಾಯಂದಿರ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು ಶುದ್ಧೀಕರಿಸಿ, ತಣ್ಣಗೆ ಕಾಪಿಡುತ್ತಾರೆ. ಹಿಂದೆ ಮನೆಗಳಲ್ಲಿ ಒಬ್ಬಳ ಕೂಸಿಗೆ ಇನ್ನೊಬ್ಬಳು ಹಾಲೂಡುತ್ತಿದ್ದದ್ದು ಉಂಟು. ಪರೀಕ್ಷೆಯಿಲ್ಲದ ಹಾಲಿನಿಂದ ಎಚ್ಐವಿಯಂಥ ಸೋಂಕು ದಾಟಬಹುದಾದ್ದರಿಂದ ಸಣ್ಣ ಕೂಸಿಗೆ ಈಗ ಅದು ಸಲ್ಲದು. ಮಳೆಗಾಲದಲ್ಲಿ ಸಂಪಾಜೆ ಘಾಟಿ ಕುಸಿದು ಮಂಗಳೂರಿನ ದಾರಿಯೇ ಮುಚ್ಚುವುದನ್ನು ಕಂಡಿರುವ ನಮಗೆ, ಬೆಟ್ಟದ ಜಿಲ್ಲೆಯೊಳಗೇ ಇಂಥ ಬ್ಯಾಂಕ್ ಇರಬೇಕೆನ್ನುವುದು ದುಬಾರಿ ಆಸೆಯಾಗಿ ಕಾಣುವುದಿಲ್ಲ.

ನಳಿಕೆ, ಒಳಲೆ, ಎದೆ

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಒಂದಕ್ಕೊಂದು ತಾಗದಂತೆ ಹೊಂದಿಸುವ ಜಾಣತನ ಕೂಸಿಗೆ ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರದ ಹೊತ್ತಿಗೆ ಬರುತ್ತದೆ. ಅದಕ್ಕೆ ಮೊದಲು ಬಾಯಿಗೆ ಹಾಲು ಸುರಿದರೆ ಶ್ವಾಸಕೋಶಕ್ಕೆ ಹೋಗುವ ಭಯ. ಹಾಗಾಗಿ ತೀರಾ ಎಳೆಯ ಕೂಸಿಗೆ ಬಾಯಿ ಅಥವಾ ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ತೆಳು ನಳಿಕೆಯಲ್ಲಿ ಹಾಲು ಕೊಡುತ್ತಾರೆ. ಮೂಗಿನಲ್ಲಿ ನಳಿಕೆ ಕಂಡು ಕೂಸು ಕೈಬಿಟ್ಟಿತು ಎಂದು ಅತ್ತವರನ್ನು ನಾನು ನೋಡಿದ್ದೇನೆ. ಅದು ಊಟದ ದಾರಿ, ಅಷ್ಟೇ. ನಳಿಕೆಯಲ್ಲಿ ಹಾಲು ಹೋಗುವ ಹೊತ್ತಿನಲ್ಲೇ ಹಿಂಡಿ ಖಾಲಿ ಮಾಡಿದ ಎದೆಯನ್ನು ಕೂಸಿಗೆ ಚೀಪಿಸಿದರೆ ಅದಕ್ಕೆ ಅಭ್ಯಾಸವಾಗುತ್ತದೆ.

32–34 ವಾರದ ಹೊತ್ತಿಗೆ ಒಳಲೆಯ ಸರದಿ. ನಮ್ಮ ಅಜ್ಜಿಯಂದಿರು ಮಕ್ಕಳಿಗೆ ಹಾಲು, ಮದ್ದು ಕುಡಿಸುತ್ತಿದ್ದ ಅದೇ ಒಳಲೆ, ಉದ್ದ ಕೊಕ್ಕಿನ ಪುಟ್ಟ ಬಟ್ಟಲು. ಇಂದು ದೊಡ್ಡ ಆಸ್ಪತ್ರೆಗಳ ವಾರ್ಡಿನಲ್ಲೂ ಬಾಟಲಿಗಿಂತ ಇದಕ್ಕೇ ಮರ್ಯಾದೆ. ಬಾಟಲಿಯ ಮೂಲೆ, ರಬ್ಬರಿನ ಸಂದಿ ತೊಳೆದು ಮುಗಿಯದು. ಒಳಲೆಗೆ ಮುಚ್ಚಿದ ಮೂಲೆಯೇ ಇಲ್ಲ. ಕೂಸನ್ನು ಅರ್ಧ ಕೂರಿಸಿದಂತೆ ಹಿಡಿದು, ಕೊಕ್ಕನ್ನು ತುಟಿಯ ಅಂಚಿಗೆ ತಾಗಿಸಿ, ಸ್ವಲ್ಪವೇ ಬಾಗಿಸಬೇಕು. ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು. ಗಂಟಲಿಗೆ ಸುರಿಯುವಂತಿಲ್ಲ. ಅರ್ಧ ಗಂಟೆಯಾದರೂ ಮುಗಿಯದಿದ್ದರೆ, ಕೂಸು ನೀಲಿಗಟ್ಟಿದರೆ ಅಥವಾ ಸುಸ್ತಾಗಿ ಮಲಗಿದರೆ ಅದಕ್ಕಿನ್ನೂ ಆ ದಾರಿ ಒಗ್ಗಿಲ್ಲ ಎಂದರ್ಥ.

ಪ್ರಮಾಣವನ್ನು ದಿನದಿಂದ ದಿನಕ್ಕೆ, ಕಿಲೋಗೆ 20ರಿಂದ 30 ಮಿ.ಲೀ. ಮೀರದಂತೆ ಏರಿಸುತ್ತಾ ಕಿಲೋಗೆ 150–180 ಮಿ.ಲೀ. ತಲುಪಿಸುತ್ತಾರೆ. ನಮ್ಮ 1.8 ಕಿಲೋ ಕೂಸಿಗೆ ಆಗ ಎರಡು ಗಂಟೆಗೊಮ್ಮೆ ಸುಮಾರು 22ರಿಂದ 27 ಮಿ.ಲೀ. ಏರಿಕೆ ನಿಧಾನವಾದ್ದರಿಂದ ಮೊದಲ ವಾರ ತೂಕ ಇಳಿಯುತ್ತದೆ. ದಿನ ತುಂಬಿದ ಕೂಸಿನಲ್ಲಿ ಶೇ 7ರಿಂದ 10, ಬೇಗ ಹುಟ್ಟಿದ್ದರಲ್ಲಿ ಶೇ 15ರವರೆಗೂ. 1.8 ಕಿಲೋ ಇದ್ದದ್ದು 1.6ಕ್ಕೆ ಬಂದಾಗಲೇ ಮನೆಯವರ ಕೈಯಲ್ಲಿ ಡಬ್ಬಿ ಕಾಣಿಸುವುದು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕು, ಆಮೇಲೆ ದಿನಕ್ಕೆ ಕಿಲೋಗೆ 15ರಿಂದ 20 ಗ್ರಾಂ ಏರಬೇಕು. ಹಾಗೆ ಏರದಿದ್ದರೆ ವೈದ್ಯರೇ ಕಾರಣ ಹುಡುಕುತ್ತಾರೆ.

ತಾಯಿಯ ಹಾಲೂ ಸಾಲದ ಕೂಸು

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಎದೆಹಾಲೇ ಸಾಕು ಎಂಬ ಗೋಡೆಬರಹ ದಿನ ತುಂಬಿದ ಕೂಸಿಗೆ ಪೂರ್ತಿ ನಿಜ, 1.2 ಕಿಲೋ ಕೂಸಿಗೆ ಪೂರ್ತಿ ನಿಜವಲ್ಲ. ಮತ್ತೆ ಲೆಕ್ಕ. ಈ ಕೂಸಿಗೆ ದಿನಕ್ಕೆ ಕಿಲೋಗೆ 3.5 ಗ್ರಾಂನಷ್ಟು ಪ್ರೋಟೀನ್ ಬೇಕು, ಅಂದರೆ 4 ಗ್ರಾಂಗೂ ಸ್ವಲ್ಪ ಹೆಚ್ಚು. ಕಿಲೋಗೆ 180 ಮಿ.ಲೀ. ಕುಡಿಸಿದರೂ ಹೊಟ್ಟೆಗೆ ಹೋಗುವ ಹಾಲು 216 ಮಿ.ಲೀ. ಮೊದಲ ವಾರಗಳು ಕಳೆದ ಮೇಲೆ ಎದೆಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 1 ಗ್ರಾಂ ಪ್ರೋಟೀನ್. ಸಿಕ್ಕಿದ್ದು ಎರಡು ಗ್ರಾಂಗೂ ತುಸು ಹೆಚ್ಚು, ಬೇಕಾದದ್ದರ ಅರ್ಧ. ಸುಣ್ಣ, ರಂಜಕದ ಕೊರತೆಯೂ ಹೀಗೆಯೇ. ಅದು ಮುಂದುವರಿದರೆ ಎಲುಬು ಮೆತ್ತಗಾಗುತ್ತದೆ. ಹಾಲನ್ನು ಇನ್ನಷ್ಟು ಕುಡಿಸೋಣವೆಂದರೆ ಅಷ್ಟು ದ್ರವವನ್ನು ಆ ಹೊಟ್ಟೆಯೂ ಹೃದಯವೂ ತಾಳುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಫಾರ್ಟಿಫೈಯರ್. ತಾಯಿಯ ಹಾಲಿಗೇ ಅಳತೆ ಮಾಡಿ ಬೆರೆಸುವ ಪುಡಿ. ಪ್ರೋಟೀನ್, ಖನಿಜ, ಜೀವಸತ್ವ ಸೇರಿ, 100 ಮಿ.ಲೀ.ಗೆ ಸುಮಾರು 67 ಕ್ಯಾಲೊರಿ ಇದ್ದ ಹಾಲು 80ರ ಹತ್ತಿರಕ್ಕೆ ಬರುತ್ತದೆ. ಪ್ರಮಾಣ ಹೆಚ್ಚದೆ ಸತ್ವ ಹೆಚ್ಚುತ್ತದೆ. 32 ವಾರಕ್ಕೆ ಮೊದಲು ಹುಟ್ಟಿದ ಅಥವಾ 1,500 ಗ್ರಾಂಗಿಂತ ಕಡಿಮೆ ಇರುವ ಕೂಸಿಗೆ ಇದನ್ನು ವೈದ್ಯರು ಯೋಚಿಸಿ ಬರೆಯುತ್ತಾರೆ. 2 ಕಿಲೋ ಕೂಸಿಗೆ ಪಕ್ಕದ ಮಂಚದ ಕೂಸನ್ನು ನೋಡಿ ಕೇಳುವಂಥದ್ದಲ್ಲ.

ಇನ್ನು ಡಬ್ಬಿ. ತಾಯಿ ತೀರಿಹೋದ ಮನೆ, ತಾಯಿ ತೀವ್ರ ನಿಗಾ ಘಟಕದಲ್ಲಿರುವ ಮನೆ, ಕ್ಯಾನ್ಸರಿನ ಔಷಧ ನಡೆಯುತ್ತಿರುವ ತಾಯಿ, ಎಲ್ಲ ಪ್ರಯತ್ನದ ಮೇಲೂ ಹಾಲು ಸಾಲದ ತಾಯಿ, ಇವರಿಗೆಲ್ಲ ಡಬ್ಬಿ ಹಾಲು ಜೀವ ಉಳಿಸುವ ವಸ್ತು. ಅದನ್ನು ಕೊಟ್ಟ ತಾಯಿಯನ್ನು ಅಪರಾಧಿಯಂತೆ ನೋಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಎಚ್ಐವಿ ಇದ್ದ ಮಾತ್ರಕ್ಕೆ ಎದೆಹಾಲು ಬಿಡಿಸಬೇಕೆಂಬ ಕಾಲ ಹೋಗಿದೆ. ತಪ್ಪದೆ ಔಷಧ ತೆಗೆದುಕೊಳ್ಳುವ ತಾಯಿ ವೈದ್ಯರ ನಿಗಾದಲ್ಲಿ ಹಾಲೂಡಿಸಬಹುದು.

ಡಬ್ಬಿಗಳಲ್ಲೂ ಬಗೆಯಿದೆ. ದಿನ ತುಂಬಿದ ಮಕ್ಕಳ ಸಾಮಾನ್ಯ ಫಾರ್ಮುಲಾ 100 ಮಿ.ಲೀ.ಗೆ ಸುಮಾರು 67 ಕ್ಯಾಲೊರಿ ಕೊಡುತ್ತದೆ. ಅವಧಿಪೂರ್ವ ಮಕ್ಕಳದ್ದು ಸುಮಾರು 80 ಕ್ಯಾಲೊರಿ. ಪ್ರೋಟೀನ್, ಸುಣ್ಣ, ರಂಜಕ ಎಲ್ಲವೂ ಅದರಲ್ಲಿ ಹೆಚ್ಚು. ಎರಡನೆಯದು ಹೆಚ್ಚು ಬೆಲೆಯದು, ಹಾಗಾಗಿ ಹೆಚ್ಚು ಒಳ್ಳೆಯದು ಎಂದು ಕೊಂಡುತರುವವರಿದ್ದಾರೆ. 2.2 ಕಿಲೋ ತೂಗುವ, ದಿನ ತುಂಬಿದ ಕೂಸಿಗೆ ಡಬ್ಬಿ ಅನಿವಾರ್ಯವಾದರೆ ಸಾಮಾನ್ಯ ಫಾರ್ಮುಲಾವೇ ಸಾಕಾಗುತ್ತದೆ. ಅವಧಿಪೂರ್ವ ಮಕ್ಕಳ ಡಬ್ಬಿ ಅತಿ ಎಳೆಯ, ಅತಿ ಕಡಿಮೆ ತೂಕದ ಕೂಸುಗಳಿಗೆ, ಅದೂ ತೂಕ ನೋಡುತ್ತಾ ಕೊಡುವಂಥದ್ದು. ಅಂಗಡಿಯವರ ಸಲಹೆ ಇಲ್ಲಿ ನಡೆಯುವುದಿಲ್ಲ. ಶಿಶು ಹಾಲಿನ ಬದಲಿಗಳನ್ನು ಜಾಹೀರಾತು ಮಾಡುವುದನ್ನೂ ಉಚಿತ ಮಾದರಿ ಹಂಚುವುದನ್ನೂ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ, 2003ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿದೆ. ಆದರೂ ನಾನು ಕೆಲಸ ಮಾಡಿದ ಒಂದು ಕಡೆ, ಬಿಡುಗಡೆಯ ಚೀಟಿಯ ಜೊತೆಗೇ ಡಬ್ಬಿಯ ಹೆಸರು ಬರೆದುಕೊಡುವ ರೂಢಿ ಇತ್ತು. ಎದೆ ತುಂಬಿ ಸೋರುತ್ತಿದ್ದ ತಾಯಂದಿರ ಕೈಗೂ ಆ ಚೀಟಿ ಹೋಗುತ್ತಿತ್ತು. ನಾನು ಆಗಲೇ ಗಟ್ಟಿಯಾಗಿ ಮಾತಾಡಬೇಕಿತ್ತು.

ಡಬ್ಬಿ ತೆರೆದ ಮೇಲೆ

ಡಬ್ಬಿ ಮೊಹರು ಮಾಡಿ ಬಂದರೂ ಒಳಗಿನ ಪುಡಿ ಕ್ರಿಮಿರಹಿತವಲ್ಲ. ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲೂ ಬದುಕಿರಬಲ್ಲದು. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ, ಸಣ್ಣ ಕೂಸಿನಲ್ಲಿ ರಕ್ತಕ್ಕೂ ಮೆದುಳಿನ ಪೊರೆಗೂ ಸೋಂಕು ತರಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಪುಡಿ ಬೆರೆಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಎನ್ನುವುದು. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಪುಡಿ ಹಾಕುವ ನಮ್ಮ ಎಲ್ಲರ ಅಭ್ಯಾಸ ಇಲ್ಲಿ ಎಡವುತ್ತದೆ, ಏಕೆಂದರೆ ಆ ನೀರು ಪುಡಿಯಲ್ಲಿರುವುದನ್ನು ಕೊಲ್ಲುವಷ್ಟು ಬಿಸಿಯಿಲ್ಲ.

ಮಡಿಕೇರಿ ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 100ಕ್ಕಲ್ಲ, 96 ಡಿಗ್ರಿಯ ಆಸುಪಾಸಿನಲ್ಲಿ. ಚಿಂತೆಯಿಲ್ಲ, ಅಷ್ಟು ಸಾಕು. ತೊಂದರೆ ಕೊಡುವುದು ನಮ್ಮ ಚಳಿ. ಒಂದು ಲೀಟರ್ ಕುದಿಸಿಟ್ಟರೆ ಸುಮಾರು ಅರ್ಧ ಗಂಟೆ 70ರ ಮೇಲಿರುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಜುಲೈ ತಿಂಗಳ ಥಂಡಿಯಲ್ಲಿ ಒಂದು ಲೋಟ ನೀರನ್ನು ಸ್ಟೀಲ್ ಪಾತ್ರೆಯಲ್ಲಿಟ್ಟರೆ ಅದಕ್ಕಿಂತ ಎಷ್ಟೋ ಬೇಗ ಆರುತ್ತದೆ. ಕುದಿದ ಕೆಲವೇ ನಿಮಿಷದಲ್ಲಿ ಬೆರೆಸಿ. ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಕೊಡಿ. ಎರಡು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಬೇಕು. ಚೆಲ್ಲುವಾಗ ಕರುಳು ಚುರ್ ಎನ್ನುತ್ತದೆ, ಆ ಪುಡಿಯ ಬೆಲೆ ಅಂಥದ್ದು. ಆದರೂ ಚೆಲ್ಲಿ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟಿಲ್ಲದ ಊರುಗಳಲ್ಲಿ ಫ್ರಿಜ್ಜನ್ನು ನಂಬಿ ಬೆರೆಸಿದ ಹಾಲು ಇಡುವುದು ಬೇಡವೇ ಬೇಡ.

ಮೊದಲು ನೀರು ಅಳೆಯಬೇಕು, ಆಮೇಲೆ ಪುಡಿ. ಡಬ್ಬಿಯಲ್ಲೇ ಇರುವ ಚಮಚ, ತಲೆ ಸವರಿದ ಅಳತೆ. ಬಹುತೇಕ ಡಬ್ಬಿಗಳಲ್ಲಿ 30 ಮಿ.ಲೀ.ಗೆ ಒಂದು ಚಮಚ ಎಂದಿರುತ್ತದೆ, ನಿಮ್ಮ ಡಬ್ಬಿಯ ಮೇಲೆ ಬರೆದದ್ದೇ ಅಂತಿಮ. ಲೈನ್ ಮನೆಗಳಲ್ಲಿ ನಾನು ಕಂಡ ದೊಡ್ಡ ಅಪಾಯ ಒಂದೇ. ಡಬ್ಬಿ ವಾರವಿಡೀ ಬರಲೆಂದು ಎರಡು ಚಮಚದ ಜಾಗದಲ್ಲಿ ಒಂದು ಹಾಕುವುದು. ಕೂಸಿನ ಹೊಟ್ಟೆ ತುಂಬುತ್ತದೆ, ಅಳು ನಿಲ್ಲುತ್ತದೆ, ತೂಕ ಏರುವುದಿಲ್ಲ. ಬೇಗ ದಪ್ಪವಾಗಲೆಂದು ಒಂದು ಚಮಚ ಹೆಚ್ಚು ಹಾಕುವವರೂ ಇದ್ದಾರೆ. ಆಗ ಉಪ್ಪು, ಪ್ರೋಟೀನಿನ ಹೊರೆ ಎಳೆಯ ಮೂತ್ರಪಿಂಡದ ಮೇಲೆ ಬೀಳುತ್ತದೆ. ಡಬ್ಬಿ ಕೊಳ್ಳುವ ಶಕ್ತಿಯಿಲ್ಲದೆ ನೀರು ಹೆಚ್ಚಿಸುವ ಮನೆಗೆ, ತಾಯಿಯ ಎದೆಯಲ್ಲಿ ಹಾಲು ಮರಳಿಸಲು ಕೂತು ಸಹಾಯ ಮಾಡುವುದೇ ದೊಡ್ಡ ಉಪಕಾರ. ತೋಟದ ಕೆಲಸಗಾರ್ತಿಗೂ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆಯನ್ನು ಕಾನೂನು ಕೊಟ್ಟಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಆಯಿತು. ಕೊಯ್ಲಿನ ಹೊತ್ತೆಂದು ಬಾಣಂತಿ ತೋಟಕ್ಕಿಳಿದರೆ ಕೂಸಿನ ಬಾಯಿಗೆ ಬರುವುದು ಡಬ್ಬಿಯೇ.

ಹಸುವಿನ ಹಾಲಿನ ಮಾತು ಬಂದೇ ಬರುತ್ತದೆ. ಮನೆಯ ಕೊಟ್ಟಿಗೆಯದು, ಶುದ್ಧ, ಯಾಕಾಗದು? ಕರುವಿಗೆಂದು ಆದ ಹಾಲದು. 100 ಮಿ.ಲೀ.ನಲ್ಲಿ 3 ಗ್ರಾಂಗೂ ಹೆಚ್ಚು ಪ್ರೋಟೀನ್, ಅದೂ ಹೆಚ್ಚಿನ ಪಾಲು ಗಟ್ಟಿ ಮೊಸರಿನಂತೆ ಹೆಪ್ಪುಗಟ್ಟುವ ಕೇಸಿನ್. ಉಪ್ಪಿನಂಶ ಹೆಚ್ಚು, ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಎಳೆಯ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಸೋರಿಸಬಹುದು. ಸಮ ನೀರು ಬೆರೆಸಿದರೆ ಪ್ರೋಟೀನ್ ಇಳಿಯುತ್ತದೆ ನಿಜ, ಜೊತೆಗೆ ಕ್ಯಾಲೊರಿಯೂ ಅರ್ಧಕ್ಕಿಳಿಯುತ್ತದೆ. ಒಂದು ವರ್ಷದವರೆಗೆ ಮುಖ್ಯ ಹಾಲಾಗಿ ಅದು ಬೇಡ. ಹಾಗೆಯೇ ಜೇನು. ಕೊಡಗಿನ ಜೇನಿನ ಮೇಲೆ ನನಗೂ ಅಭಿಮಾನವಿದೆ, ಹುಟ್ಟಿದ ಕೂಸಿನ ನಾಲಿಗೆಗೆ ಅದನ್ನು ಮುಟ್ಟಿಸುವುದು ಹಿರಿಯರ ಆಶೀರ್ವಾದದ ರೀತಿ ಎಂದೂ ಗೊತ್ತು. ಆದರೆ ಅತಿ ಶುದ್ಧ ಜೇನಿನಲ್ಲೂ ನರಗಳನ್ನು ಕುಂದಿಸುವ ಬೊಟುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ.

ವಿಟಮಿನ್ ಡಿ ಮತ್ತು ಕಬ್ಬಿಣದ ಹನಿಗಳನ್ನು ವೈದ್ಯರು ಬರೆದರೆ ಬಾಟಲಿಯ ಮೇಲಿನ ಅಳತೆ ಓದಿ. ಒಂದು ಮಿ.ಲೀ.ಗೆ 400 ಯೂನಿಟ್ ಇರುವುದೂ 800 ಇರುವುದೂ ಮಾರುಕಟ್ಟೆಯಲ್ಲಿವೆ. ಬ್ರಾಂಡ್ ಬದಲಾದಾಗ ಹನಿಯ ಲೆಕ್ಕವೂ ಬದಲಾಗುತ್ತದೆ.

ಚಳಿ ತಿನ್ನುವ ಹಾಲು

ಕುಡಿದ ಹಾಲೆಲ್ಲ ಬೆಳವಣಿಗೆಗೆ ಹೋಗುವುದಿಲ್ಲ. ಸಣ್ಣ ಕೂಸಿನ ಚರ್ಮದಡಿಯಲ್ಲಿ ಕೊಬ್ಬಿಲ್ಲ. ಕೋಣೆ ತಣ್ಣಗಿದ್ದರೆ ಮೈ ಬಿಸಿ ಉಳಿಸಿಕೊಳ್ಳಲೆಂದೇ ಅದು ಕ್ಯಾಲೊರಿ ಸುಡುತ್ತದೆ. ಭಾಗಮಂಡಲದ ಕಡೆ ಆಷಾಢದಲ್ಲಿ ಗೋಡೆಯೇ ಬೆವರುವ ಮನೆಗಳಿವೆ. ಅಂಥಲ್ಲಿ ಎಷ್ಟು ಸರಿಯಾಗಿ ಹಾಲು ಕೊಟ್ಟರೂ ತೂಕ ಏರದ ಕೂಸನ್ನು ನೋಡಿದ್ದೇನೆ. ಬೆಚ್ಚಗಿರಲೆಂದು ಪಕ್ಕದಲ್ಲೇ ಕೆಂಡ ಇಟ್ಟರೆ ಹೊಗೆ ಆ ಪುಟ್ಟ ಶ್ವಾಸಕೋಶಕ್ಕೆ ವಿಷ.

ಇದಕ್ಕೆ ಸಿಕ್ಕ ಅತ್ಯುತ್ತಮ ಉಪಾಯ ಕಾಂಗರೂ ಆರೈಕೆ. ಡಯಪರ್, ಟೋಪಿ, ಕಾಲುಚೀಲ ಬಿಟ್ಟು ಬೇರೇನೂ ಇಲ್ಲದ ಕೂಸನ್ನು ತಾಯಿಯ ಬರಿ ಎದೆಗೆ ಆನಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟುವುದು. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ವೈದ್ಯರು ಕಂಡುಕೊಂಡ ದಾರಿಯಿದು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕಿಲೋದಿಂದ 1.8 ಕಿಲೋದೊಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದಾಗ ಸಾವು ಶೇ 25ರಷ್ಟು ಕಡಿಮೆಯಾಯಿತು. ದಿನಕ್ಕೆ 8 ಗಂಟೆಗೆ ಕಡಿಮೆಯಿಲ್ಲದೆ, ಆದಷ್ಟು ಹೆಚ್ಚು ಹೊತ್ತು ಮಾಡಬೇಕು. ಎದೆಯ ಬಿಸಿಯಲ್ಲಿ ಮಲಗಿದ ಕೂಸು ಕ್ಯಾಲೊರಿ ಉಳಿಸುತ್ತದೆ, ಅದರ ಉಸಿರು ತಾಗಿದ ತಾಯಿಗೆ ಹಾಲು ಹೆಚ್ಚುತ್ತದೆ. ತಾಯಿ ಸ್ನಾನಕ್ಕೆ ಹೋದಾಗ ಅಪ್ಪ ಕಟ್ಟಿಕೊಳ್ಳಬಹುದು, ಅಜ್ಜಿಯೂ ಆಗಬಹುದು. ಹೊರಗೆ ನಿಂತು ಯಾವ ಡಬ್ಬಿ ಎಂದು ಕೇಳುವ ಅಪ್ಪಂದಿರಿಗೆ ನಾನು ಅಂಗಿ ಬಿಚ್ಚಿ ಒಳಗೆ ಬನ್ನಿ ಎನ್ನುತ್ತಿದ್ದೆ. ಮೊದಲು ನಾಚುತ್ತಿದ್ದರು. ಒಮ್ಮೆ ಕಟ್ಟಿಕೊಂಡವರು ಬಿಚ್ಚಿಕೊಡಲು ಒಪ್ಪುತ್ತಿರಲಿಲ್ಲ.

ಎಷ್ಟು ಬೇಗ, ಎಷ್ಟು ದಪ್ಪ

ತೂಕ ಏರತೊಡಗಿದ ಮೇಲೆ ಇನ್ನೊಂದು ಆತುರ ಹುಟ್ಟುತ್ತದೆ, ಪಕ್ಕದ ಮನೆಯ ಗುಂಡು ಕೂಸಿನಂತೆ ಮಾಡಬೇಕೆಂದು. ನಮ್ಮ ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ಬರೆದಿಟ್ಟಿತ್ತು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು ಕಂಡಿತು. ಗರ್ಭದಲ್ಲಿ ಕಡಿಮೆಯಲ್ಲಿ ಬದುಕಲು ಕಲಿತ ಮೈಗೆ ಆಮೇಲೆ ಅತಿಯಾಗಿ ತುಂಬಿಸಿದರೆ ಅದು ಕೊಬ್ಬಾಗಿ ಕೂರುತ್ತದೆ. ಹಾಗಾಗಿ ವೈದ್ಯರು ತೂಕದ ಜೊತೆ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಅಳೆಯುತ್ತಾರೆ. ತೂಕ ಮಾತ್ರ ಓಡಿ ಉಳಿದೆರಡು ಹಿಂದೆ ಬಿದ್ದರೆ ಅದು ಬೆಳವಣಿಗೆಯ ಲೆಕ್ಕಕ್ಕೆ ಬಾರದು.

ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರುತ್ತಾರೆ. ಆಸ್ಪತ್ರೆಯಲ್ಲೇ ಕಳೆದ ದಿನಗಳನ್ನು ಬಿಟ್ಟು ಉಳಿದ ಭೇಟಿಗಳು ನಡೆಯುತ್ತವೆ. ಆ ನಡುವೆ ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ಓಡಿದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಅವರಿಗಾಗಿ ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಎದೆಗಾನಿಸಿ ಕಟ್ಟಿಕೊಂಡೇ ಹೊರಡಿ. ಒಂದು ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯೂ ಅಲ್ಲಿಗೆ ಹೋಗಿಬರುವ ವಾಹನವೂ ಉಚಿತ.

ಡಬ್ಬಿ ಹಿಡಿದು ಮನೆಗೆ ಹೋದ ತಾಯಂದಿರು ಕೆಲವು ವಾರದ ಮೇಲೆ ಫೋನ್ ಮಾಡುತ್ತಾರೆ. ಕೂಸು ಈಗ ಎದೆಯಲ್ಲಿ ಚೆನ್ನಾಗಿ ಚೀಪುತ್ತಿದೆ, ಡಬ್ಬಿ ಬಿಡಿಸಬಹುದೇ ಎಂದು. ಒಂದೇ ದಿನ ನಿಲ್ಲಿಸಬೇಡಿ. ಪ್ರತಿ ಸಲವೂ ಮೊದಲು ಎದೆಗೆ ಹಚ್ಚಿ, ಆಮೇಲೆ ಒಳಲೆಯಲ್ಲಿ ಕೊಡುವುದನ್ನು ವೈದ್ಯರು ಹೇಳಿದಂತೆ ಕೆಲವು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಲೇ ಇದ್ದರೆ ಇನ್ನೂ ಇಳಿಸಬಹುದು. ತೂಕವನ್ನು ಮಾತ್ರ ಪ್ರತಿ ಸಲ ಅದೇ ಅಂಗನವಾಡಿಯಲ್ಲಿ ಅಥವಾ ಅದೇ ಆರೋಗ್ಯ ಕೇಂದ್ರದಲ್ಲಿ, ಬಟ್ಟೆ ಬಿಚ್ಚಿ, ಅದೇ ತಕ್ಕಡಿಯಲ್ಲಿ ನೋಡಿಸಿ. ಎರಡು ಕಡೆ ತೂಗಿದರೆ ಎರಡು ಲೆಕ್ಕ ಬರುತ್ತದೆಂದು ಕಾಳುಮೆಣಸು ಮಾರಿದ ಯಾರಿಗಾದರೂ ಗೊತ್ತು. ಈ ಕೂಸಿನ ವಿಷಯದಲ್ಲಿ ನಾವು ಹುಡುಕುತ್ತಿರುವುದು ದಿನಕ್ಕೆ ಮೂವತ್ತು ಗ್ರಾಂ.